ಮಾಡದ ಜಾಬ್‌ಗೆ ಅಂಕ: ಫಿಟ್ಟರ್ ವಿಭಾಗದಲ್ಲಿ ನನ್ನ ಅನುಭವ

ಜಾಬ್ ಎಂದರೆ ನಮ್ಮ ಹುಡುಗರು ಲೋಹದ ತುಂಡಿನಿಂದ ಅಳತೆಗೆ ಸರಿಯಾಗಿ ಮಾಡಿ ತೋರಿಸಿ ಅಂಕ ಪಡೆಯುವ ವರ್ಕ್‌ಶಾಪ್ ಕೆಲಸ; ತಪ್ಪಿಸಿಕೊಂಡ ಜಾಬನ್ನು ಒಬ್ಬ ಮಾಡಿದ್ದರೆ ಎಷ್ಟು ಅಂಕ ಬರುತ್ತಿತ್ತು ಎಂದು ಅಂದಾಜು ಮಾಡಲು ನಾನು ಕೈಹಾಕಿದಾಗ ನಮ್ಮ ವಿಭಾಗದ ಹಿರಿಯರೊಬ್ಬರು, "ಊಟಕ್ಕೇ ಬಾರದವನಿಗೆ ಎಲೆ ಹಾಕಿ, ಎಷ್ಟು ಅನ್ನ ತಿಂದ ಎಂದು ಲೆಕ್ಕ ಬರೆಯುತ್ತೀಯೇನಯ್ಯಾ?" ಎಂದು ನಕ್ಕಿದ್ದರು. ಈ ವರ್ಷ ಅವರೇ ತಮ್ಮ ಘಟಕದ ರಿಜಿಸ್ಟರ್ ಹಿಡಿದು ಬಂದು, "ಈ ಮೂವರದು ನಿನ್ನ ಲೆಕ್ಕದಲ್ಲಿ ಎಷ್ಟಾಗುತ್ತದೆ, ನೋಡು" ಎಂದರು. ಅಷ್ಟು ಸಾಕಾಯಿತು, ಬರೆಯಲು ಕೂತೆ.

ನಾನು ಕಲಿಸುವುದು ಮಂಡ್ಯ ಜಿಲ್ಲೆಯ ಒಂದು ಐಟಿಐಯಲ್ಲಿ. ಲೋಹದ ಭಾಗಗಳನ್ನು ತೀಡಿ ಜೋಡಿಸುವ ಫಿಟ್ಟರ್ ಎರಡು ವರ್ಷದ ಕೋರ್ಸು, ಘಟಕಕ್ಕೆ 20 ಮಂದಿ. ಹುಡುಗರು ಜಾಬ್ ತಪ್ಪಿಸಿಕೊಳ್ಳುವುದಕ್ಕೆ ನಮ್ಮಲ್ಲಿ ಕಾರಣಗಳಿಗೆ ಬರವಿಲ್ಲ. ಆಲೆಮನೆಯಲ್ಲಿ ಆಳು ಸಿಗದಿದ್ದರೆ ಮನೆಯ ಮಗನೇ ಒಲೆಯ ಮುಂದೆ ನಿಲ್ಲಬೇಕು. ಒಬ್ಬನಿಗೆ ಡೆಂಗಿ, ಇನ್ನೊಬ್ಬನಿಗೆ ಬೈಕಿನಿಂದ ಬಿದ್ದು ಮಣಿಕಟ್ಟು ಮುರಿದಿರುತ್ತದೆ, ಮತ್ತೊಬ್ಬ ರಾತ್ರಿ ಪಾಳಿಯಲ್ಲಿ ದುಡಿದು ಬೆಳಗ್ಗೆ ಮಲಗಿರುತ್ತಾನೆ. ವರ್ಷದ ಕೊನೆಗೆ ನೋಡಿದರೆ 20ರಲ್ಲಿ ಎಂಟು ಹತ್ತು ಮಂದಿಯ ಹೆಸರಿನ ಮುಂದೆ ಎಲ್ಲೋ ಒಂದೆರಡು ಅಂಕದ ಮನೆಗಳು ಖಾಲಿ. ಆಂತರಿಕ ಮೌಲ್ಯಮಾಪನದಲ್ಲೂ ಟ್ರೇಡ್ ಪ್ರಾಕ್ಟಿಕಲ್‌ನಲ್ಲೂ ಪಾಸಾಗಲು ಶೇಕಡ 60 ಬೇಕು ಎನ್ನುವುದು ನಿಮಗೆ ಗೊತ್ತೇ ಇದೆ. ಥಿಯರಿಯ ಹಾಗೆ 33ಕ್ಕೆ ಮುಗಿಯುವುದಿಲ್ಲ. ಹಾಗಾಗಿ ಖಾಲಿ ಮನೆಗೆ ಸೊನ್ನೆ ಹಾಕಿದರೆ ಒಳ್ಳೆಯ ಕೈಯ ಹುಡುಗನೂ ಮುಳುಗುತ್ತಾನೆ.

ಎಲ್ಲರಿಗೂ ಪೂರಾ ಜಾಬ್ ಮತ್ತೆ ಮಾಡಿಸಬಹುದಲ್ಲ ಎಂದು ಕೇಳುವವರು ಒಮ್ಮೆ ನಮ್ಮ ವರ್ಕ್‌ಶಾಪ್‌ಗೆ ಬರಬೇಕು. ಪಾರಿವಾಳದ ಬಾಲದಂತೆ ಓರೆಯಾಗಿ ಕಡಿದ ಎರಡು ಭಾಗಗಳನ್ನು ಒಂದರೊಳಗೊಂದು ಕೂರಿಸುವ ಡವ್‌ಟೇಲ್ ಫಿಟ್ಟಿಂಗ್‌ಗೆ ಸರಿಯಾಗಿ ಕೈ ಹಾಕಿದರೆ ಮೂರು ನಾಲ್ಕು ದಿನ ಬೇಕು. ಹತ್ತು ಮಂದಿಯ ಹದಿನೈದು ಜಾಬ್‌ಗಳನ್ನು ಪರೀಕ್ಷೆಯ ಮುಂಚಿನ ತಿಂಗಳಿನಲ್ಲಿ ತುರುಕಿದರೆ ಉಳಿದವರ ಕೆಲಸ ನಿಲ್ಲುತ್ತದೆ, ಜಾಬ್ ಬಿಗಿದು ಹಿಡಿಯುವ ವೈಸ್‌ಗಳೂ ಸಾಲುವುದಿಲ್ಲ. ಆ ತಿಂಗಳಲ್ಲಿ ನಡೆಯುತ್ತಿದ್ದುದು ಏನೆಂದರೆ, ಕಲಿಸುವವರೆಲ್ಲರೂ ಫೈಲು (ಅರ) ಬಿಟ್ಟು ಪೆನ್ನಿನಲ್ಲೇ ಫೈಲಿಂಗ್ ಮಾಡಿ, ಸುಮ್ಮನೆ ಅಂಕ ಬರೆದು ಮುಗಿಸುತ್ತಿದ್ದರು. ನಾನೂ ಮಾಡಿದ್ದೇನೆ, ಸುಳ್ಳು ಹೇಳುವುದಿಲ್ಲ.

ಮೊದಲು ಹಿಡಿದದ್ದು ಸರಾಸರಿಯ ದಾರಿ. ಮಾಡಿದ ಜಾಬ್‌ಗಳ ಅಂಕ ಕೂಡಿಸಿ ಭಾಗಿಸಿ ಖಾಲಿ ಮನೆ ತುಂಬುವುದು. ಇದರ ಬಣ್ಣ ಒಂದೇ ವರ್ಷದಲ್ಲಿ ಬಯಲಾಯಿತು. ಹ್ಯಾಕ್ಸಾ, ಡ್ರಿಲ್ಲಿಂಗ್, ಟ್ಯಾಪಿಂಗ್‌ನಲ್ಲಿ ಹೆಚ್ಚುಕಡಿಮೆ ಎಲ್ಲರಿಗೂ 80ರ ಹತ್ತಿರ ಬರುತ್ತದೆ. ಡವ್‌ಟೇಲ್‌ನಲ್ಲಿ ನಡುವಿನ ಹುಡುಗನಿಗೆ 65 ಬಂದರೆ ಹೆಚ್ಚು. ಅಂದ ಮೇಲೆ ಕಷ್ಟದ ಜಾಬ್ ತಪ್ಪಿಸಿದವನಿಗೇ ಲಾಭ. ಹುಡುಗರು ದಡ್ಡರಲ್ಲ. ಮರುವರ್ಷ ಡವ್‌ಟೇಲ್ ವಾರದಲ್ಲಿ ಏಳು ಮಂದಿಗೆ ಒಟ್ಟಿಗೆ ಜ್ವರ ಬಂತು!

2021ರಲ್ಲಿ ದ್ವಿತೀಯ ಪಿಯುಸಿ ಪರೀಕ್ಷೆ ರದ್ದಾಗಿ, ಎಸ್ಸೆಸ್ಸೆಲ್ಸಿಯಿಂದ ಶೇಕಡ 45, ಪ್ರಥಮ ಪಿಯುಸಿಯಿಂದ 45, ಆ ವರ್ಷದ ಆಂತರಿಕ ಮೌಲ್ಯಮಾಪನದಿಂದ 10 ಎಂದು ಲೆಕ್ಕ ಹಾಕಿದ್ದರಲ್ಲ, ನನ್ನ ಅಕ್ಕನ ಮಗಳು ಆ ಬ್ಯಾಚಿನವಳು. ಅವಳ ಅಂಕಪಟ್ಟಿ ನೋಡಿ ನನಗೂ ಹುರುಪು ಬಂದು, ಹುಡುಗರ ಎಸ್ಸೆಸ್ಸೆಲ್ಸಿ ಅಂಕಗಳನ್ನೆಲ್ಲ ಪಟ್ಟಿ ಮಾಡಿ ಜಾಬ್ ಅಂಕಗಳ ಪಕ್ಕದಲ್ಲಿಟ್ಟೆ. ಒಂದಕ್ಕೊಂದು ಸಂಬಂಧವೇ ಇರಲಿಲ್ಲ. ಗಣಿತದಲ್ಲಿ 38 ತೆಗೆದವನು ಸಮತಟ್ಟು ಪರೀಕ್ಷಿಸುವ ಸರ್ಫೇಸ್ ಪ್ಲೇಟಿನ ಮೇಲಿಟ್ಟರೆ ಬೆಳಕು ಹಾಯದಂತೆ ಜಾಬ್‌ನ ಮುಖ ತೀಡುತ್ತಾನೆ. ಇಂಗ್ಲಿಷ್, ಸಮಾಜ ಎಲ್ಲದರಲ್ಲೂ 80 ದಾಟಿದವನ ಜಾಬ್‌ನ ಮುಖ ನಡುವೆ ಉಬ್ಬಿ ದೋಣಿಯಂತೆ ತೂಗುತ್ತದೆ. ಪುಸ್ತಕದ ಪರೀಕ್ಷೆಗೆ ಹಳೆಯ ಪುಸ್ತಕದ ಪರೀಕ್ಷೆಯೇ ಸಾಕ್ಷಿಯಾಗಬಹುದೇನೋ, ಕೈಯ ವಿಷಯದಲ್ಲಿ ಆ ಸಾಕ್ಷಿ ನಿಲ್ಲುವುದಿಲ್ಲ. ಹಾಜರಿಯಿಂದ ಅಂದಾಜು ಮಾಡಲು ನೋಡಿದ್ದೂ ಹೀಗೆಯೇ ಕೊಚ್ಚಿಹೋಯಿತು.

ಆಮೇಲೆ, "ಹದಿನಾಲ್ಕು ವರ್ಷ ಸರ್ವೀಸಾಗಿದೆ, ಹುಡುಗನ ನಿಲುವು ನೋಡಿದರೆ ನನಗೆ ಅಂಕ ಗೊತ್ತಾಗುತ್ತದೆ" ಎನ್ನುವ ಜಂಬದಲ್ಲಿ ಕೆಲವು ತಿಂಗಳು ಕಳೆದೆ. ಆ ಜಂಬವನ್ನು ಇಳಿಸಿದ್ದು ನಾನೇ ಮಾಡಿಕೊಂಡ ಒಂದು ಪರೀಕ್ಷೆ. ಆಗಲೇ ಅಳತೆ ಹಿಡಿದು ಅಂಕ ಹಾಕಿದ್ದ ನಲವತ್ತು ಚಿಲ್ಲರೆ ಜಾಬ್‌ಗಳ ಅಂಕವನ್ನು ಕಾಗದದಿಂದ ಮುಚ್ಚಿ, ಹೆಸರು ನೋಡಿ ಅಂದಾಜು ಬರೆದು, ಆಮೇಲೆ ಕಾಗದ ತೆಗೆದೆ. ಸರಾಸರಿ ಒಂಬತ್ತು ಅಂಕದಷ್ಟು ತಪ್ಪಿದ್ದೆ. ಅದಕ್ಕಿಂತ ನಾಚಿಕೆಯ ಸಂಗತಿ ಇನ್ನೊಂದಿತ್ತು. ಸಂಜೆ ನಿಂತು ವರ್ಕ್‌ಶಾಪ್ ಗುಡಿಸಿ ಹೋಗುವ ಹುಡುಗರಿಗೆ ಪ್ರತಿ ಸಲವೂ ಹೆಚ್ಚು ಹಾಕಿದ್ದೆ, ಮೂಲೆಯ ವೈಸ್‌ನಲ್ಲಿ ಮಾತಿಲ್ಲದೆ ಕೆಲಸ ಮಾಡುವ ಇಬ್ಬರಿಗೆ ಪ್ರತಿ ಸಲವೂ ಕಡಿಮೆ. ನೀವೂ ಒಮ್ಮೆ ಮಾಡಿ ನೋಡಿ, ಬಾಗಿಲು ಹಾಕಿಕೊಂಡು.

ಮುಚ್ಚಿ ನೋಡುವ ಈ ಆಟವೇ ಮುಂದಿನ ಎಲ್ಲಕ್ಕೂ ಬುನಾದಿಯಾಯಿತು. ಯಾವ ಲೆಕ್ಕ ತಂದರೂ ಮೊದಲು ಗೊತ್ತಿರುವ ಅಂಕಗಳ ಮೇಲೆ ಓಡಿಸಿ, ಎಷ್ಟು ತಪ್ಪುತ್ತದೆ ಎಂದು ನೋಡದೆ ಖಾಲಿ ಮನೆಗೆ ತರುವುದಿಲ್ಲ ಎಂದು ನಿಯಮ ಮಾಡಿಕೊಂಡೆ.

ದುಡ್ಡು ಕಳೆದ ಕಥೆಯನ್ನೂ ಹೇಳಿಬಿಡುತ್ತೇನೆ. ಇದಕ್ಕೊಂದು ಸಾಫ್ಟ್‌ವೇರ್ ಮಾಡಿಸಿದರೆ ಬಟನ್ ಒತ್ತಿದ ಕೂಡಲೇ ಅಂಕ ಬರುತ್ತದೆ ಎಂದು ನಂಬಿ, ಪರಿಚಯದ ಹುಡುಗನೊಬ್ಬನಿಗೆ ಮೂರು ಸಾವಿರ ಮುಂಗಡ ಕೊಟ್ಟೆ. ಅವನು ಕೇಳಿದ್ದು ಹದಿನೈದು. ಅವನು ತಂದು ತೋರಿಸಿದ ಪರದೆಯಲ್ಲಿ ನನ್ನ ಹೆಸರು, ಸಂಸ್ಥೆಯ ಹೆಸರು, ತಿರುಗುವ ಗೇರಿನ ಚಿತ್ರ ಎಲ್ಲವೂ ಇದ್ದವು. ಒಳಗೆ ನೋಡಿದರೆ ಅದೇ ಸರಾಸರಿ. ಮುಂಗಡ ಹೋಯಿತು. ಅದಕ್ಕಾಗಿಯೇ ಹನ್ನೊಂದು ಸಾವಿರಕ್ಕೆ ಕೊಂಡಿದ್ದ ಸೆಕೆಂಡ್‌ಹ್ಯಾಂಡ್ ಲ್ಯಾಪ್‌ಟಾಪ್‌ನಲ್ಲಿ ಈಗ ನನ್ನ ಮಗ ಆಟ ಆಡುತ್ತಾನೆ. ಇವತ್ತಿಗೂ ನನ್ನ ಲೆಕ್ಕ ನಡೆಯುವುದು ಉದ್ದ ಗೆರೆಯ ರಿಜಿಸ್ಟರ್‌ನಲ್ಲಿ, ನೀಲಿ ಮತ್ತು ಕೆಂಪು ಪೆನ್ನಿನಲ್ಲಿ.

ದಾರಿ ಸಿಕ್ಕಿದ್ದು ಜಾಬ್‌ಗಳ ನೆಂಟಸ್ತಿಕೆ ಹಿಡಿದಾಗ. ಎಲ್ಲ ಜಾಬ್‌ಗಳೂ ಎಲ್ಲ ಜಾಬ್‌ಗಳ ಬಗ್ಗೆ ಮಾತಾಡುವುದಿಲ್ಲ. ಸ್ಟೆಪ್ ಫಿಟ್ಟಿಂಗ್, ಟಿ ಫಿಟ್ಟಿಂಗ್, ಕೋನದ ಫೈಲಿಂಗ್ ಇವು ಡವ್‌ಟೇಲ್‌ಗೆ ಹತ್ತಿರದ ನೆಂಟರು. ಡ್ರಿಲ್ಲಿಂಗ್ ಹೆಸರಿಗೆ ಮಾತ್ರ ಅದೇ ಊರಿನವನು. ಹಳೆಯ ಎರಡು ಬ್ಯಾಚುಗಳ ರಿಜಿಸ್ಟರ್ ಹಾಕಿಕೊಂಡು, ಯಾವ ಜಾಬ್‌ನಲ್ಲಿ ಮುಂದಿದ್ದವರು ಬೇರೆ ಯಾವ ಜಾಬ್‌ನಲ್ಲೂ ಮುಂದೆ ಇರುತ್ತಾರೆ ಎಂದು ಜೋಡಿಸುತ್ತಾ ಕೂತೆ. ದಸರಾ ರಜೆ ಪೂರ್ತಿ ಇದಕ್ಕೇ ಹೋಯಿತು, ಮನೆಯವರ ಜೊತೆ ಮೈಸೂರಿಗೆ ಹೋಗಲಿಲ್ಲ. ಅದರ ಬಾಕಿಯನ್ನು ಇನ್ನೂ ತೀರಿಸುತ್ತಿದ್ದೇನೆ.

ಎರಡನೆಯ ತಿರುವು, ಅಂಕವನ್ನು ಬಿಟ್ಟು ಸ್ಥಾನವನ್ನು ಹಿಡಿದದ್ದು. ಆಲೆಮನೆಯ ಹುಡುಗನ ಉದಾಹರಣೆಯನ್ನೇ ಕೊಡುತ್ತೇನೆ. ಅವನು ಡವ್‌ಟೇಲ್ ತಪ್ಪಿಸಿಕೊಂಡಿದ್ದ. ನೆಂಟ ಜಾಬ್ ಮೂರರಲ್ಲಿ 20 ಮಂದಿಯ ನಡುವೆ ಅವನ ಸ್ಥಾನ ಆರು, ಎಂಟು, ಏಳು. ಏಳನೆಯವನು ಎಂದಿಟ್ಟುಕೊಂಡೆ. ಡವ್‌ಟೇಲ್ ಮಾಡಿದವರು 17 ಮಂದಿ. 20ರಲ್ಲಿ ಏಳನೆಯವನು 17ರಲ್ಲಿ ಸುಮಾರು ಆರನೆಯವನಾಗುತ್ತಾನೆ. ಆ ಜಾಗದ ಆಚೀಚೆ ಇದ್ದವರು 71, 68, 66 ತೆಗೆದಿದ್ದರು. ಅಂದಾಜು 68. ಹಳೆಯ ಸರಾಸರಿಯಲ್ಲಿ ಅವನಿಗೆ 76 ಬರುತ್ತಿತ್ತು. ಆಮೇಲೆ ಬಿಡುವು ಸಿಕ್ಕಿ ಅವನು ಪೂರಾ ಜಾಬ್ ಮಾಡಿದ. ಅಳತೆ ಹಿಡಿದವರು ಬೇರೆಯವರು, ಬಂದದ್ದು 66. ಆ ದಿನ ಕ್ಯಾಂಟೀನಿನಲ್ಲಿ ಎಲ್ಲರಿಗೂ ನಾನೇ ವಡೆ ಕೊಡಿಸಿದೆ.

ಆದರೆ ಬರೀ ಲೆಕ್ಕದ ಮೇಲೆ ಅಂಕ ಹಾಕುವಂತಿಲ್ಲ, ಹಾಕಲೂಬಾರದು. ತಪಾಸಣೆಗೆ ಬಂದವರು ಜಾಬ್, ರೆಕಾರ್ಡ್ ಬುಕ್, ಪ್ರಗತಿ ಪಟ್ಟಿ ಕೇಳುತ್ತಾರೆ. ಪುರಾವೆಗಳನ್ನು ಮುಂದಿನ ಪರೀಕ್ಷೆಯವರೆಗೆ ಜೋಪಾನ ಮಾಡಬೇಕು. "ಏಳನೆಯವನು, ಆದ್ದರಿಂದ 68" ಎಂದರೆ ಯಾರು ಕೇಳುತ್ತಾರೆ? ಹೀಗಾಗಿ ಹುಟ್ಟಿದ್ದು ನಾನು ತುಂಡು ಎಂದು ಕರೆಯುವ ಚಿಕ್ಕ ಜಾಬ್. 50ಕ್ಕೆ 50, 10 ಮಿಲಿಮೀಟರ್ ದಪ್ಪದ ಎಂಎಸ್ ಫ್ಲಾಟ್ (ಮೆದು ಉಕ್ಕಿನ ಪಟ್ಟಿ), ಒಂದೂವರೆ ಗಂಟೆ. ಎರಡು ಮುಖ ಲಂಬಕ್ಕೆ ತರಬೇಕು, ಒಂದು ಕೋನದ ಕಚ್ಚು ತೆಗೆಯಬೇಕು, ಒಂದು ಅಳತೆಯನ್ನು 0.04 ಮಿಲಿಮೀಟರ್ ಆಚೀಚೆಯೊಳಗೆ ಹಿಡಿಯಬೇಕು. ತುಂಡಿನ ತೂಕ ಸುಮಾರು 200 ಗ್ರಾಂ, ನಾನು ತಂದಾಗಿನ ದರದಲ್ಲಿ ಹದಿಮೂರು ಹದಿನಾಲ್ಕು ರೂಪಾಯಿ. ಮೊದಲ ವರ್ಷ ಸ್ಟೋರಿನಲ್ಲಿ "ಪಟ್ಟಿಯಲ್ಲಿಲ್ಲದ ಜಾಬ್‌ಗೆ ಮಾಲು ಕೊಡಲಾಗದು" ಎಂದರು. ಫ್ಲಾಟು, ಬ್ಲೇಡು, ಎರಡು ಒಳ್ಳೆಯ ಫೈಲು ಸೇರಿ ಕೈಯಿಂದ ಎರಡು ವರ್ಷದಲ್ಲಿ ನಾಲ್ಕು ಸಾವಿರದಷ್ಟು ಹೋಗಿರಬೇಕು. ಆಮೇಲೆ ಗುಜರಿಯಿಂದ ತುಂಡು ಆರಿಸಿ ತರಲು ಕಲಿತೆ, ಅರ್ಧ ಬೆಲೆ. ಗುಜರಿ ಮಾಲಿನಲ್ಲಿ ಗಟ್ಟಿ ಉಕ್ಕು ಸೇರಿಕೊಂಡು ಒಬ್ಬನ ಹೊಸ ಫೈಲಿನ ಹಲ್ಲು ಹೋಯಿತು. ಅದನ್ನೂ ನಾನೇ ತಂದುಕೊಟ್ಟೆ. ಈಗ ಒಮ್ಮೆ ತೀಡಿ ನೋಡಿಯೇ ತರುತ್ತೇನೆ.

ತುಂಡಿನ ಮೇಲೆ ಹೆಸರು ಇರುವುದಿಲ್ಲ, ಪಂಚ್ ಮಾಡಿದ ಸಂಖ್ಯೆ ಮಾತ್ರ. ಅಳೆಯುವುದು ಲೇತ್ ಕೆಲಸ ಕಲಿಸುವ ಟರ್ನರ್ ವಿಭಾಗದವರು. ಅವರ ಹುಡುಗರ ಕೆಲಸಕ್ಕೆ ನಾನು ಅಳತೆ ಹಿಡಿದುಕೊಡುತ್ತೇನೆ, ಮುಯ್ಯಿಗೆ ಮುಯ್ಯಿ. ಡ್ರಾಯಿಂಗ್‌ನಲ್ಲಿ ಒಂದು ಕಡೆ ನಾನು ಬೇಕೆಂದೇ ಒಂದು ಸಂಗತಿ ಇಟ್ಟಿದ್ದೇನೆ. ನಿಜವಾಗಿ ಆ ಕೌಶಲ ಬಂದವನು ಅಲ್ಲಿ ಕೆಲಸದ ಕ್ರಮ ಬದಲಿಸುತ್ತಾನೆ, ಬಾರದವನು ಬದಲಿಸುವುದಿಲ್ಲ. ಅದೇನೆಂದು ಇಲ್ಲಿ ಬರೆಯಲಾರೆ, ಇದನ್ನು ನನ್ನ ಹುಡುಗರೂ ಓದುತ್ತಾರೆ. ವೈವಾದಲ್ಲಿ, ಅಂದರೆ ಬಾಯಿಮಾತಿನ ಪರೀಕ್ಷೆಯಲ್ಲಿ, ಕೇಳುವ ಮೂರನೆಯ ಪ್ರಶ್ನೆಯ ಕಥೆಯೂ ಅಷ್ಟೇ.

ಸ್ಥಾನದ ಅಂದಾಜಿಗೆ ಮೂರರಲ್ಲಿ ಎರಡು ಪಾಲು, ತುಂಡಿಗೆ ಒಂದು ಪಾಲು ಕೊಡುತ್ತೇನೆ. ಎರಡರ ನಡುವೆ ಹತ್ತು ಅಂಕಕ್ಕಿಂತ ಹೆಚ್ಚು ಅಂತರ ಬಂದರೆ ಲೆಕ್ಕ ಬಿಟ್ಟು ಪೂರಾ ಜಾಬ್ ಮಾಡಿಸುತ್ತೇನೆ. ಈ ಹತ್ತರ ನಿಯಮವನ್ನು ಕಲಿಸಿದವನು ಒಬ್ಬ ಹುಡುಗ. ಲೆಕ್ಕದಲ್ಲಿ ಅವನಿಗೆ 64 ಬಂದಿತ್ತು, ತುಂಡು ತುಂಬಾ ಚೆನ್ನಾಗಿತ್ತು. ಯಾರದೋ ಕೈವಾಡ ಎಂದು ನಾನು ಅನುಮಾನಿಸಿ 66 ಬರೆದೆ. ಹುಡುಗ ಜಗಳ ಆಡಲಿಲ್ಲ. "ಸರ್, ಒಂದು ಫ್ಲಾಟ್ ಕೊಡಿ, ನಿಮ್ಮ ಎದುರಿಗೇ ಮಾಡುತ್ತೇನೆ" ಎಂದ. ಪೂರಾ ಜಾಬ್‌ನಲ್ಲಿ 81 ತೆಗೆದ. ಗೈರಾಗಿದ್ದ ಆ ಎರಡು ತಿಂಗಳೂ ಅವನು ಒಂದು ಡೈ (ಅಚ್ಚು) ಮಾಡುವ ವರ್ಕ್‌ಶಾಪ್‌ನಲ್ಲಿ ಫೈಲ್ ಹಿಡಿದೇ ದುಡಿದಿದ್ದ. ನನ್ನ ರಿಜಿಸ್ಟರ್‌ಗೆ ಅದು ಹೇಗೆ ಗೊತ್ತಾಗಬೇಕು? ಇದಕ್ಕೆ ವಿರುದ್ಧವಾಗಿ, ಮಣಿಕಟ್ಟು ಮುರಿದಿದ್ದವನಿಗೆ ಪಟ್ಟಿ ಬಿಚ್ಚಿದ ವಾರವೇ ತುಂಡು ಕೊಟ್ಟು ತಪ್ಪು ಮಾಡಿದೆ. ಕೈಯಲ್ಲಿ ಬಲವಿಲ್ಲದೆ ಮುಖ ಇಳಿಜಾರಾಯಿತು. ಮೂರು ವಾರ ಬಿಟ್ಟು ಕೊಟ್ಟಾಗ ಲೆಕ್ಕಕ್ಕೂ ತುಂಡಿಗೂ ಎರಡೇ ಅಂಕದ ವ್ಯತ್ಯಾಸ.

ಕಾರಣದ ವಿಚಾರದಲ್ಲಿ ನಮ್ಮ ಪ್ರಾಚಾರ್ಯರಿಗೂ ನನಗೂ ವಾದ ನಡೆಯಿತು. ಕಾಯಿಲೆಯವನಿಗೆ ಸ್ವಲ್ಪ ಹೆಚ್ಚು, ಸುಮ್ಮನೆ ತಪ್ಪಿಸಿದವನಿಗೆ ಸ್ವಲ್ಪ ಕಡಿಮೆ ಹಾಕಬೇಕೆಂದು ಅವರು. ಕಾರಣ ನೋಡಬೇಕಾದದ್ದು ತುಂಡು ಕೊಡಬೇಕೋ ಬೇಡವೋ ಎನ್ನುವಾಗ, ಅಳತೆಗೆ ವರ್ನಿಯರ್ ಹಿಡಿದ ಮೇಲೆ ಡೆಂಗಿಯೂ ಇಲ್ಲ ಸೋಮಾರಿತನವೂ ಇಲ್ಲ ಎಂದು ನಾನು. ಅವರು ಒಪ್ಪಿದರೆಂದು ಹೇಳಲಾರೆ, ಸುಮ್ಮನಾದರು. ತಪ್ಪಿಸಿದ ಜಾಬ್‌ಗೆ ಹಾಕುವ ಅಂಕ ಆ ಹುಡುಗ ನೆಂಟ ಜಾಬ್‌ಗಳಲ್ಲಿ ತೆಗೆದ ಗರಿಷ್ಠವನ್ನು ದಾಟಬಾರದು ಎಂದು ಒಂದು ಬೇಲಿ ಹಾಕಿದ್ದೇನೆ. ಈಗ ಡವ್‌ಟೇಲ್ ವಾರದ ಜ್ವರ ನಿಂತಿದೆ.

ನಡುವೆ ಮಾಡಿದ ಅಡ್ಡ ಪ್ರಯೋಗಗಳೂ ಕೆಲವಿವೆ. ಫೈಲಿನ ಸದ್ದನ್ನು ಮೊಬೈಲ್‌ನಲ್ಲಿ ಹಿಡಿದು, ಸಮನಾಗಿ ಎಳೆಯುವವನ ಸದ್ದಿಗೂ ಅವಸರದವನ ಸದ್ದಿಗೂ ವ್ಯತ್ಯಾಸ ಸಿಗುತ್ತದೆಯೇ ಎಂದು ಕೇಳಿದೆ. ಸಿಗುತ್ತದೆ, ಆದರೆ ಪಕ್ಕದಲ್ಲಿ ಗ್ರೈಂಡರ್ ಓಡದಿದ್ದರೆ ಮಾತ್ರ. ಇನ್ನೊಂದು, ಒಂದೇ ಬೆಂಚಿನ ಹುಡುಗರನ್ನೇ "ಇವನು ಮಾಡಿದ್ದರೆ ಎಷ್ಟು ತೆಗೆಯುತ್ತಿದ್ದ, ಚೀಟಿಯಲ್ಲಿ ಬರೆಯಿರಿ" ಎಂದು ಕೇಳಿದ್ದು. ಬೆರಗಾದೆ. ಐದು ಚೀಟಿಗಳಲ್ಲಿ ನಡುವಿನದು ನನ್ನ ಲೆಕ್ಕಕ್ಕಿಂತ ಹತ್ತಿರವಿತ್ತು. ಆದರೆ ಎರಡನೆಯ ಸಲಕ್ಕೆ ಸುದ್ದಿ ಹಬ್ಬಿ, ಗೈರಾದವನು ಬೆಂಚಿನವರಿಗೆಲ್ಲ ಪರೋಟ ಕೊಡಿಸಿದ್ದ, ಚೀಟಿಗಳೆಲ್ಲ 90 ಆಗಿದ್ದವು. ಅಲ್ಲಿಗೆ ಅದು ಮುಗಿಯಿತು.

ಒಟ್ಟು ಮೂವತ್ತರ ಹತ್ತಿರ ಖಾಲಿ ಮನೆಗಳನ್ನು ಹೀಗೆ ತುಂಬಿದ್ದೇನೆ. ಅದರಲ್ಲಿ ಹದಿಮೂರೋ ಹದಿನಾಲ್ಕೋ ಜನ ಆಮೇಲೆ ಪೂರಾ ಜಾಬ್ ಮಾಡಿದರು. ಅವರಲ್ಲಿ ಹನ್ನೊಂದು ಮಂದಿಯದು ಐದು ಅಂಕದೊಳಗೆ ಬಂತು. ಒಮ್ಮೆ ತಪಾಸಣೆಗೆ ಬಂದವರು ಒಂದು ಪೆಟ್ಟಿಗೆ ತೆಗೆಸಿ, ಸಂಖ್ಯೆ ಹಾಕಿದ ತುಂಡು, ಅಳತೆಯ ಹಾಳೆ, ವೈವಾ ಹಾಳೆ ಮೂರನ್ನೂ ತಾಳೆ ನೋಡಿ, ಏನೂ ಹೇಳದೆ ಮುಚ್ಚಿಟ್ಟರು. ನಮ್ಮಲ್ಲಿ ಏನೂ ಹೇಳದಿರುವುದೇ ಹೊಗಳಿಕೆ.

ಎರಡನೆಯ ವರ್ಷದ ಜಾಬ್‌ಗಳಿಗೆ, ಅದರಲ್ಲೂ ಪೈಪ್ ಫಿಟ್ಟಿಂಗ್, ಹೈಡ್ರಾಲಿಕ್ಸ್ ಕಡೆ, ಇದು ಕೈಕೊಡುತ್ತದೆ. ಅಲ್ಲಿ ನೆಂಟರೇ ಸಿಗುತ್ತಿಲ್ಲ. ಬಿಚ್ಚಿ ಜೋಡಿಸುವ ಕೆಲಸದಲ್ಲಿ ಒಂದರ ಸ್ಥಾನ ಇನ್ನೊಂದಕ್ಕೆ ದಾರಿ ತೋರಿಸುವುದಿಲ್ಲ. ಯಾರಾದರೂ ಜೋಡಿ ಹಿಡಿದಿದ್ದರೆ ತಿಳಿಸಿ, ನನ್ನ ವೈವಾದ ಮೂರನೆಯ ಪ್ರಶ್ನೆಯನ್ನು ಬದಲಿಗೆ ಕೊಡುತ್ತೇನೆ.

ಹಿರಿಯರು ತಂದ ಮೂವರ ಲೆಕ್ಕ ಏನಾಯಿತೆಂದರೆ, ಇಬ್ಬರದು ಮೂರು ಅಂಕದೊಳಗೆ ಕೂತಿತು, ಒಬ್ಬನದು ಒಂಬತ್ತು ತಪ್ಪಿತು. ಚಹಾಕ್ಕೆ ಕೂತಾಗಲೆಲ್ಲ ಅವರು ಎತ್ತುವುದು ಆ ಮೂರನೆಯವನ ಮಾತನ್ನೇ.