ಹೇಂಟೆ ಮಂಕಾದರೆ ಗೂಡನ್ನೂ ನೋಡಿ

ಹೇಂಟೆ ರೆಕ್ಕೆ ಇಳಿಬಿಟ್ಟು ತೂಕಡಿಸಿದ್ದೇ ತಡ, ಈಗಿನವರು ಅದರ ಕೊಕ್ಕು ಬಿಡಿಸಿ ನೀರು ಸುರಿಯಲು ಓಡುತ್ತಾರೆ. ನೋಡಿದರೆ ಮೈ ಉರಿಯುತ್ತದೆ. ಆ ನೀರು ಉಸಿರಿನ ನಾಳಕ್ಕೆ ಹೋಯಿತೋ, ಕಾಯಿಲೆಗಿಂತ ಮೊದಲು ಅದೇ ಕೊಲ್ಲುತ್ತದೆ. ಕೊಕ್ಕಿನ ಅಂಚಿಗೆ ಒಂದೊಂದೇ ಹನಿ ತಾಗಿಸಿ, ತಾನೇ ನುಂಗಲಿ. ಮಿಕ್ಕ ಕೋಳಿಗಳು ಕುಕ್ಕದಂತೆ ಬೇರೆ, ಬೆಚ್ಚಗಿನ ಜಾಗದಲ್ಲಿ ಇಡಿ. ಕೋಳಿಯ ಮೈ ಸಹಜವಾಗಿಯೇ 41 ಡಿಗ್ರಿಯ ಆಸುಪಾಸು ಇರುತ್ತದೆ, ಮುಟ್ಟಿ ನೋಡಿ ಜ್ವರವೆಂದು ತಣ್ಣೀರು ಹಾಕಬೇಡಿ.

ಆಮೇಲೆ ಮಡಿಲಲ್ಲಿಟ್ಟುಕೊಂಡು ನಿಧಾನವಾಗಿ ನೋಡಿ. ಎದೆಮೂಳೆ ಕೈಗೆ ಚೂಪಾಗಿ ಸಿಕ್ಕರೆ ಸೊರಗಿದೆ. ಹಿಕ್ಕೆಯಲ್ಲಿ ರಕ್ತ ಕಂಡರೆ, ಅದರಲ್ಲೂ ಮರಿಗಳಾದರೆ, ಅವತ್ತೇ ಪಶುವೈದ್ಯರ ಹತ್ತಿರ ಹೋಗಿ. ಬಾಲದಡಿಯ ಪುಕ್ಕ ಬಿಡಿಸಿದಾಗ ಬುಡದಲ್ಲಿ ಬಿಳಿ ಸೀರು ಗಂಟುಕಟ್ಟಿದ್ದರೆ ಅದು ಹೇನು. ಹೇನಿನ ಪುಡಿಯನ್ನು ಮೇಲೆ ಮೇಲೆ ಉದುರಿಸಿದರೆ ಏನೂ ಆಗದು, ಚರ್ಮದವರೆಗೆ ಬೆರಳಾಡಿಸಿ ಹಚ್ಚಬೇಕು. ಸೀರು ಅದಕ್ಕೆ ಸಾಯುವುದಿಲ್ಲ, ಅದು ಒಡೆದು ಮರಿಯಾಗುವ ಹೊತ್ತಿಗೆ, ಅಂದರೆ ವಾರ ಹತ್ತು ದಿನ ಬಿಟ್ಟು, ಇನ್ನೊಮ್ಮೆ ಹಚ್ಚಿ.

ಹೇನೂ ಇಲ್ಲ, ಆದರೂ ಜುಟ್ಟು ಬಿಳಿಚಿದೆ, ಸಂಜೆ ಗೂಡು ಹತ್ತಲು ಒಲ್ಲೆ ಅನ್ನುತ್ತದೆ ಎಂದರೆ ನನಗೆ ಮೊದಲು ಅನುಮಾನ ಬರುವುದು ಕೆಂಪು ನುಸಿಯ ಮೇಲೆ. ಹಗಲು ಕೋಳಿಯ ಮೈ ತಡಕಿ 'ಏನೂ ಇಲ್ಲ' ಅನ್ನುವವರೇ ಎಲ್ಲ! ಅದು ಹಗಲಲ್ಲಿ ಗೂಡಿನ ಸಂದಿಯಲ್ಲಿ ಅಡಗಿದ್ದು ರಾತ್ರಿ ಬಂದು ರಕ್ತ ಹೀರುತ್ತದೆ. ನಮ್ಮತ್ತೆ ಕಲಿಸಿದ್ದನ್ನೇ ನಾನು ಇಂದಿಗೂ ಮಾಡುವುದು. ಚೆನ್ನಾಗಿ ಕತ್ತಲಾಗಿ ಕೋಳಿಗಳಿಗೆ ನಿದ್ದೆ ಹತ್ತಿದ ಮೇಲೆ, ಒಗೆದು ಒಣಗಿಸಿದ ಬಿಳಿ ಬಟ್ಟೆಯ ತುಂಡನ್ನು ಬೆರಳಿಗೆ ಸುತ್ತಿ, ಅವು ಕೂತ ಕೋಲಿನ ತಳಭಾಗವನ್ನು ಒತ್ತಿ ಒರೆಸಿ. ಮೇಲ್ಭಾಗ ಬೇಡ, ಅಲ್ಲಿ ಬರೀ ಹಿಕ್ಕೆ ಸಿಗುತ್ತದೆ. ಕೋಲಿನ ತುದಿ ಗೋಡೆಗೆ ಸೇರುವ ಜಾಗದಲ್ಲಿ ಬಟ್ಟೆಯ ಮೂಲೆಯನ್ನು ತಿರುಚಿ ಒಳಗೆ ತೂರಿಸಿ, ತಿರುಗಿಸಿ ತೆಗೆಯಿರಿ. ದೀಪದಡಿ ಬಿಡಿಸಿ ನೋಡಿ. ರಕ್ತದ ಗೀರು ಮೂಡಿದ್ದರೆ ಬೆಳಿಗ್ಗೆಯೇ ಕೋಲುಗಳನ್ನು ಕಳಚಿ, ಸಂದುಗಳಿಗೆ ಕುದಿಯುವ ಸೋಪು ನೀರು ಹೊಯ್ದು, ಕೆರೆದು, ಬಿಸಿಲಿಗೆ ಒಣಗಿಸಿ. ಕೋಲಿನ ತುದಿಗಳಿಗೆ ಅಡುಗೆ ಎಣ್ಣೆಯನ್ನು ಧಾರಾಳವಾಗಿ ಬಳಿಯಿರಿ. ಬಿಸಿಲುಗಾಲದಲ್ಲಿ ಈ ನುಸಿಯ ಸಂತಾನ ವಾರದೊಳಗೇ ಬೆಳೆಯುತ್ತದೆ, ಹಾಗಾಗಿ ಐದಾರು ದಿನಕ್ಕೆ ಮತ್ತೆ ಒರೆಸಿ ನೋಡಿ, ಬಟ್ಟೆ ಬೆಳ್ಳಗೇ ಬರುವವರೆಗೂ ಬಿಡಬೇಡಿ. ಗೂಡನ್ನು ನಾಲ್ಕು ದಿನ ಖಾಲಿ ಬಿಟ್ಟರೆ ಸಾಯುತ್ತದೆ ಎಂದುಕೊಂಡಿರಾ? ತಿಂಗಳುಗಟ್ಟಲೆ ಉಪವಾಸ ಇರುವ ಜಾತಿ ಅದು. ಮಂಚದ ತಿಗಣೆಗೂ ಹೀಗೇ: ಹಾಸಿಗೆ ಬಿಸಿಲಿಗೆ ಹಾಕಿ ಮಂಚದ ಸಂದು ಮುಟ್ಟದವರನ್ನು ಕಂಡರೆ ನನಗೆ ಆಗದು.

ಕಾಲಿನ ಪೊರೆ ಎದ್ದು ಒರಟಾಗಿದ್ದರೆ ಅದು ಬೇರೆ ನುಸಿ. ಸೋಪು ನೀರಲ್ಲಿ ನೆನೆಸಿ, ಒರೆಸಿ, ವ್ಯಾಸಲಿನ್ ದಪ್ಪಗೆ ಹಚ್ಚಿ. ಸೀಮೆಎಣ್ಣೆ ಹಚ್ಚಿ ಚರ್ಮ ಸುಡಬೇಡಿ, ಪೊರೆಯನ್ನು ಕಿತ್ತು ನೋಯಿಸಬೇಡಿ.

ಜಂತುಹುಳುವಿನ ಔಷಧಿಯನ್ನು ಪಶುವೈದ್ಯರು ತೂಕ ಕೇಳಿ ಹೇಳಿದಷ್ಟೇ ಕೊಡಿ. ಮಂಕಾದ ಒಂದಕ್ಕೆ ಮಾತ್ರ ಕೊಟ್ಟು ಉಳಿದವನ್ನು ಹಾಗೇ ಬಿಟ್ಟರೆ, ಅವುಗಳ ಹಿಕ್ಕೆ ಕೆದಕಿ ತಿಂದು ಇದಕ್ಕೆ ಮತ್ತೆ ಹುಳು ಹತ್ತುತ್ತದೆ. ಎಷ್ಟು ದಿನ ಮೊಟ್ಟೆ ತಿನ್ನಬಾರದು ಎಂಬುದನ್ನೂ ಅಲ್ಲೇ ಕೇಳಿಕೊಂಡು ಬನ್ನಿ.