ತಗಡಿನ ಕೆಲಸಕ್ಕೆ ಗ್ಲೌಸ್ ಆರಿಸಿದ್ದು ಹೀಗೆ

ತಗಡು ಕತ್ತರಿಸಿ ಮಡಿಸುವ ನಮ್ಮ ಶಾಪ್‌ನಲ್ಲಿ ಗ್ಲೌಸ್ ತರಿಸುವ ಜವಾಬ್ದಾರಿ ನನ್ನದು. ಕ್ಯಾಟಲಾಗ್ ತೆರೆಯುವ ಮೊದಲು ಒಂದೊಂದು ಕೆಲಸದ ಪಕ್ಕದಲ್ಲೂ ನಿಂತು ನೋಡಿದೆ. ಶೀಟ್ ಎತ್ತುವವರಿಗೆ ಚೂಪು ಅಂಚು ಅಂಗೈಗೆ ಒತ್ತುತ್ತದೆ, ಅದರ ಮೇಲೆ ಎಣ್ಣೆ ಬೇರೆ. ಬರ್ (ಕತ್ತರಿಸಿದ ಅಂಚಿನಲ್ಲಿ ಉಳಿಯುವ ಚೂಪು ಮುಳ್ಳು) ತೆಗೆಯುವವರಿಗೆ ಏಟು ಬೀಳುವುದು ಬೆರಳ ತುದಿಗೆ. ಇಬ್ಬರಿಗೂ ಒಂದೇ ಗ್ಲೌಸ್ ಕೊಟ್ಟರೆ ಒಬ್ಬರಂತೂ ತೆಗೆದಿಡುತ್ತಾರೆ.

ಆಮೇಲೆ ಗುರುತು ಓದಿದೆ. ಇಎನ್ 388 ಎಂಬ ಯುರೋಪಿನ ಮಾನದಂಡದ ಗ್ಲೌಸ್ ಮೇಲೆ ಸುತ್ತಿಗೆಯ ಚಿತ್ರ, ಅದರ ಕೆಳಗೆ ನಾಲ್ಕು ಅಂಕಿ, ಪಕ್ಕದಲ್ಲಿ ಅಕ್ಷರ ಇರುತ್ತದೆ. ಎರಡನೇ ಅಂಕಿ ಸುತ್ತುವ ಬ್ಲೇಡಿನ ಪರೀಕ್ಷೆಯದು. ಗಾಜಿನ ಎಳೆ, ಸ್ಟೀಲ್ ಎಳೆ ಇರುವ ಬಟ್ಟೆಗೆ ಆ ಬ್ಲೇಡೇ ಮೊಂಡಾಗುತ್ತದೆ. ಹಾಗಾಗಿ ಅಲ್ಲಿ ಎಷ್ಟೋ ಸಲ ಅಂಕಿಯ ಬದಲು ‘ಎಕ್ಸ್’ ಇರುತ್ತದೆ. ನಾನು ನೋಡುವುದು ಐದನೇ ಜಾಗದ ಅಕ್ಷರ. ನೇರ ಬ್ಲೇಡ್ ಎಳೆದಾಗ ಎಷ್ಟು ಬಲ ತಡೆಯುತ್ತದೆ ಅಂತ ಅದು ಹೇಳುತ್ತದೆ: ‘ಸಿ’ಗೆ 10 ನ್ಯೂಟನ್, ‘ಡಿ’ಗೆ 15, ‘ಎಫ್’ಗೆ 30. ಅಮೆರಿಕದ ಮಾನದಂಡದ ‘ಎ1’ರಿಂದ ‘ಎ9’ರ ಲೆಕ್ಕವೇ ಬೇರೆ, ಎರಡನ್ನೂ ಬೆರೆಸಬೇಡಿ.

ಶೀಟ್ ಎತ್ತುವವರಿಗೆ ‘ಡಿ’ ಮಟ್ಟದ, ಒರಟು ನೈಟ್ರೈಲ್ ರಬ್ಬರ್ ಲೇಪದ್ದು ತರಿಸಿದೆ. ಎಣ್ಣೆ ಇರುವ ಕಡೆ ಹಿಡಿತ ತಪ್ಪಿದರೆ ಜಾರುವ ಶೀಟೇ ಕೈ ಕೊಯ್ಯುತ್ತದೆ ಅಲ್ವಾ? ಬರ್ ತೆಗೆಯುವವರಿಗೆ ‘ಸಿ’ ಮಟ್ಟದ್ದು, 18 ಗೇಜಿನ ತೆಳು ಹೆಣಿಗೆ, ಪಿಯು (ಪಾಲಿಯುರೆಥೇನ್) ಲೇಪ. ಗೇಜ್ ಹೆಚ್ಚಾದಷ್ಟೂ ಹೆಣಿಗೆ ತೆಳು, ಬೆರಳಿಗೆ ಸ್ಪರ್ಶ ಚೆನ್ನಾಗಿ ಸಿಗುತ್ತದೆ. ಸುಮ್ನೆ ಎಲ್ಲರಿಗೂ ‘ಎಫ್’ ತರಿಸುವುದು ನನಗೆ ಸರಿ ಕಾಣಲಿಲ್ಲ. ದಪ್ಪ ಜಾಸ್ತಿಯಾದರೆ ಕೈ ಬೇಗ ಸೋಲುತ್ತದೆ, ಗ್ಲೌಸ್ ಜೇಬು ಸೇರುತ್ತದೆ. ಅಳತೆಯೂ ಅಷ್ಟೇ ಮುಖ್ಯ. ಹೆಬ್ಬೆರಳು ಬಿಟ್ಟು ಅಂಗೈ ಸುತ್ತ ಟೇಪ್ ಹಿಡಿದು ಪ್ರತಿಯೊಬ್ಬರಿಗೂ ಸೈಜ್ ಬರೆದುಕೊಂಡೆ.

ಬಿಸಿ ತುಂಡು ಹಿಡಿಯುವ ಜಾಗಕ್ಕೆ ಎಚ್‌ಪಿಪಿಇ (ಗಟ್ಟಿ ಪಾಲಿಥೀನ್ ಎಳೆ) ಬೇಡವೆಂದೆ. ಅದು ಸುಮಾರು 150 ಡಿಗ್ರಿ ಸೆಲ್ಸಿಯಸ್‌ಗೇ ಕರಗುತ್ತದೆ. ಕೆವ್ಲಾರ್‌ನಂಥ ಅರಾಮಿಡ್ ಎಳೆ ಕರಗುವುದಿಲ್ಲ, ಆದರೆ ಬ್ಲೀಚ್ ಹಾಕಿ ಒಗೆದರೆ ಅದರ ಶಕ್ತಿ ಕುಂದುತ್ತದೆ.

ಡ್ರಿಲ್ಲಿಂಗ್ ಮಷೀನ್, ಲೇತ್ ಹತ್ತಿರ ಮಾತ್ರ ಗ್ಲೌಸೇ ಬೇಡ. ಇದರಲ್ಲಿ ನಾನು ಯಾರಿಗೂ ವಿನಾಯಿತಿ ಕೊಡುವುದಿಲ್ಲ. ಗ್ಲೌಸಿನ ಗಟ್ಟಿ ಎಳೆ ಹರಿಯುವುದಿಲ್ಲ, ತಿರುಗುವ ಬಿಟ್‌ಗೆ ಸಿಕ್ಕಿದರೆ ಕೈಯನ್ನೇ ಒಳಗೆಳೆಯುತ್ತದೆ. ಅಲ್ಲಿ ಕೆಲಸದ ತುಂಡನ್ನು ವೈಸ್‌ನಲ್ಲಿ ಬಿಗಿಯುತ್ತೇವೆ, ಚೂರುಗಳನ್ನು ಬ್ರಷ್‌ನಿಂದ ತೆಗೆಯುತ್ತೇವೆ.