ಕ್ರೌನ್ ಕೂರುತ್ತದೆ, ಬ್ರಿಡ್ಜ್ ಯಾಕೆ ಕೂರಲ್ಲ?

ಡೆಂಟಲ್ ಲ್ಯಾಬ್‌ನಲ್ಲಿ ನಾನು ಮಾಡಿದ ಸಿಂಗಲ್ ಕ್ರೌನ್‌ಗಳೆಲ್ಲ (ಒಂದೇ ಹಲ್ಲಿನ ಕ್ಯಾಪ್) ಡೈ, ಅಂದರೆ ಹಲ್ಲಿನ ಪ್ರತಿರೂಪದ ಮೇಲೆ ಸಲೀಸಾಗಿ ಕೂರುತ್ತಿದ್ದವು. ಮೂರು ಯೂನಿಟ್ ಬ್ರಿಡ್ಜ್, ಅಂದರೆ ಮೂರು ಹಲ್ಲು ಒಟ್ಟಿಗೆ ಜೋಡಿಸಿದ್ದು, ಸ್ವಲ್ಪ ಬಿಗಿ, ಆದರೂ ಒತ್ತಿದರೆ ಕೂರುತ್ತಿತ್ತು. ಐದಾರು ಯೂನಿಟ್ ಆದರೆ ಮುಗೀತು, ಒಂದು ತುದಿ ಒತ್ತಿದರೆ ಇನ್ನೊಂದು ತುದಿ ಏಳುತ್ತಿತ್ತು. ಒಂದೇ ವಾರದಲ್ಲಿ ಇಂಥ ಮೂರು ಜಿರ್ಕೋನಿಯಾ (ಗಟ್ಟಿ ಸೆರಾಮಿಕ್) ಬ್ರಿಡ್ಜ್ ನನ್ನ ಟೇಬಲ್ ಮೇಲೆ ಕೂತಿದ್ದವು, ಮಾಡೆಲ್ ಮೇಲೆ ಕೂರಬೇಕಾದವು.

ಮೊದಲು ನಾನು ಸುಮ್ನೆ ಸಿಮೆಂಟ್ ಗ್ಯಾಪ್‌ಗೆ (ಹಲ್ಲಿಗೂ ಕ್ರೌನ್‌ಗೂ ನಡುವೆ ಅಂಟಿಗೆ ಬಿಡುವ ಜಾಗ) ಕೈ ಹಾಕಿದೆ. 50 ಮೈಕ್ರಾನ್ ಇದ್ದದ್ದನ್ನು 80 ಮಾಡಿದೆ. ಬ್ರಿಡ್ಜ್ ಹಾಗೇ ಅಲ್ಲಾಡಿತು, ಚೆನ್ನಾಗಿದ್ದ ಕ್ರೌನ್‌ಗಳು ಲೂಸಾದವು. ಕಾರಣ ಗೊತ್ತಿಲ್ಲದೆ ನಂಬರ್ ಬದಲಾಯಿಸಿದರೆ ಇನ್ನೇನಾಗುತ್ತದೆ?

ಆಮೇಲೆ ಅದೇ ಫೈಲನ್ನು ಪಿಎಂಎಂಎ (ಒಂದು ಬಗೆಯ ಪ್ಲಾಸ್ಟಿಕ್) ಡಿಸ್ಕ್‌ನಲ್ಲಿ ಮಿಲ್ ಮಾಡಿದೆ, ಅಂದರೆ ಮಷಿನ್‌ನಲ್ಲಿ ಕೊರೆದೆ. ಇದಕ್ಕೆ ಸಿಂಟರಿಂಗ್ (ಫರ್ನೇಸ್‌ನಲ್ಲಿ ಸುಟ್ಟು ಗಟ್ಟಿ ಮಾಡುವುದು) ಇಲ್ಲ, ಕುಗ್ಗುವ ಮಾತೇ ಇಲ್ಲ. ಇದೂ ಕೂರದಿದ್ದರೆ ತಪ್ಪು ಸ್ಕ್ಯಾನ್, ಡಿಸೈನ್ ಅಥವಾ ಮಷಿನ್ ಕಡೆ ಇರುತ್ತದೆ: ಕಡಿದ ಮಾಡೆಲ್‌ನಲ್ಲಿ ಡೈ ಜರುಗಿರಬಹುದು, ಬರ್ (ಕೊರೆಯುವ ಉಪಕರಣ) ಸವೆದಿರಬಹುದು, ಬಾಯಿಯ ಮುಂಭಾಗದ ಹಲ್ಲಿನ ತೆಳು ಅಂಚಿಗೆ ಬರ್ ತುದಿಯೇ ದಪ್ಪವಾಗಿರಬಹುದು. ಆದರೆ ಕೂತಿತು, ಮಾರ್ಜಿನ್ (ಹಲ್ಲಿನ ಅಂಚಿನ ಗೆರೆ) ತನಕ ನೀಟಾಗಿ. ಅಲ್ಲಿಗೆ ಅರ್ಧ ಅನುಮಾನ ಹೋಯಿತು.

ಈಗ ಜಿರ್ಕೋನಿಯಾ ಬ್ರಿಡ್ಜ್ ಒಳಗೆ ಫಿಟ್ ನೋಡುವ ಸ್ಪ್ರೇ ಹೊಡೆದು, ಮೆತ್ತಗೆ ಇಟ್ಟು ತೆಗೆದೆ. ಎರಡು ಬ್ರಿಡ್ಜ್‌ಗಳಲ್ಲಿ ಬಣ್ಣ ಕಿತ್ತುಬಂದದ್ದು ಎರಡೇ ಕಡೆ, ಎರಡೂ ತುದಿಯ ಹಲ್ಲುಗಳ ಹೊರಬದಿಯ ಗೋಡೆಯಲ್ಲಿ. ಅಂದರೆ ಬ್ರಿಡ್ಜ್ ಉದ್ದ ಸಾಲದು, ತುದಿಗಳು ಒಳಕ್ಕೆ ಎಳೆದಿವೆ ಅಲ್ವಾ? ಕ್ಯಾಲಿಪರ್ ಹಿಡಿದೆ. ಸ್ಕ್ರೀನ್‌ನಲ್ಲಿ 40 ಮಿಲಿಮೀಟರ್, ಕೈಯಲ್ಲಿ 39.77.

ಡಿಸ್ಕ್ ಎತ್ತಿ ಅಂಚು ನೋಡಿದೆ. ಹಿಗ್ಗಿಸುವ ಅಂಶ (ಎಷ್ಟು ಪಟ್ಟು ಹಿಗ್ಗಿಸಿ ಮಿಲ್ ಮಾಡಬೇಕು ಎಂಬುದು) 1.235 ಅಂತ ಬರೆದಿತ್ತು. ಸಾಫ್ಟ್‌ವೇರ್‌ನಲ್ಲಿ ಹಳೇ ಲಾಟ್‌ನ (ತಯಾರಿಕೆಯ ಬ್ಯಾಚ್) 1.228 ಹಾಗೇ ಕೂತಿತ್ತು. ಹೊಸ ಡಿಸ್ಕ್ ಹಾಕಿದವನು ನಾನೇ, ಯಾರನ್ನು ಬೈಯಲಿ?

ಜಿರ್ಕೋನಿಯಾ ಸಿಂಟರಿಂಗ್‌ನಲ್ಲಿ ಉದ್ದದಲ್ಲೇ ಸುಮಾರು ಐದನೇ ಒಂದು ಪಾಲು ಕುಗ್ಗುತ್ತದೆ, ಅದಕ್ಕೇ ಮೊದಲೇ ಹಿಗ್ಗಿಸಿ ಮಿಲ್ ಮಾಡುವುದು. ಎಷ್ಟು ಹಿಗ್ಗಿಸಬೇಕು ಎಂಬುದು ಲಾಟ್‌ನಿಂದ ಲಾಟ್‌ಗೆ ಬದಲಾಗುತ್ತದೆ. ನನ್ನ ತಪ್ಪು ಶೇಕಡಾ 0.6ಕ್ಕೂ ಕಡಿಮೆ. 8 ಮಿಲಿಮೀಟರ್ ಕ್ರೌನ್‌ನಲ್ಲಿ ಅದು 45 ಮೈಕ್ರಾನ್, ಒಂದೊಂದು ಬದಿಗೆ 23ರಷ್ಟು, 50ರ ಗ್ಯಾಪ್ ಒಳಗೆ ಮುಚ್ಚಿಹೋಗುತ್ತದೆ. 20 ಮಿಲಿಮೀಟರ್ ಬ್ರಿಡ್ಜ್‌ನಲ್ಲಿ ಬದಿಗೆ 57, ಅದಕ್ಕೇ ಬಿಗಿ. 40ರಲ್ಲಿ ಬದಿಗೆ 113. ಅದು ಹೇಗೆ ಕೂರಬೇಕು! ಕ್ರೌನ್ ಕೂತಿತು ಅಂದ ಮಾತ್ರಕ್ಕೆ ಸೆಟ್ಟಿಂಗ್ ಸರಿ ಇದೆ ಅಂತ ನಾನು ನಂಬಿದ್ದೇ ಎಡವಟ್ಟಾಯಿತು.

ಸರಿಯಾದ ಸಂಖ್ಯೆ ಹಾಕಿ ಮೂರನ್ನೂ ಮತ್ತೆ ಮಿಲ್ ಮಾಡಿದೆ. ಎರಡು ಕೂತವು. ಮೂರನೆಯದು ಮತ್ತೆ ಅಲ್ಲಾಡಿತು, ಆದರೆ ಬೇರೆ ರೀತಿ, ಒಂದು ತುದಿಯಲ್ಲಿ ತುಟಿ ಬದಿ, ಇನ್ನೊಂದರಲ್ಲಿ ನಾಲಿಗೆ ಬದಿ ಬಣ್ಣ ಕಿತ್ತಿತ್ತು. ಇದು ಗಿಡ್ಡ ಆದದ್ದಲ್ಲ, ತಿರುಚಿಕೊಂಡದ್ದು. ಟ್ರೇಯಲ್ಲಿ ಹಿಡಿಸುತ್ತಿಲ್ಲ ಅಂತ ಒಳಗಿನ ಸಪೋರ್ಟ್ ಬಾರನ್ನು ಸಿಂಟರಿಂಗ್‌ಗೆ ಮೊದಲೇ ಕತ್ತರಿಸಿದ್ದೆ, ಜೊತೆಗೆ ಫಾಸ್ಟ್ ಪ್ರೋಗ್ರಾಂ ಬೇರೆ. 1500 ಡಿಗ್ರಿ ಆಸುಪಾಸಿನಲ್ಲಿ, ಹಿಡಿದುಕೊಳ್ಳಲು ಏನೂ ಇಲ್ಲದ ಬಿಲ್ಲಿನಂಥ ಬ್ರಿಡ್ಜ್ ನೆಟ್ಟಗೆ ಇರುತ್ತದೆಯೇ? ಬಾರ್ ಉಳಿಸಿ, ದೊಡ್ಡ ಟ್ರೇಯಲ್ಲಿಟ್ಟು ನಿಧಾನದ ಪ್ರೋಗ್ರಾಂ ಹಾಕಿದೆ, ಫರ್ನೇಸ್ ತಣ್ಣಗಾಗುವ ತನಕ ಬಾಗಿಲು ಮುಟ್ಟಲಿಲ್ಲ. ಕೂತಿತು.

ಒಳಗೆ ಸ್ವಲ್ಪ ಉಜ್ಜಿ ಕೂರಿಸಿಬಿಡು ಅನ್ನುವವರು ಇದ್ದಾರೆ. ಒಂದೆರಡು ಚುಕ್ಕೆ ಆದರೆ ನಾನೂ ಉಜ್ಜುತ್ತೇನೆ, ನೀರು ಬಿಟ್ಟುಕೊಂಡು, ಮೆತ್ತಗೆ. ಇಡೀ ಗೋಡೆ ಉಜ್ಜಬೇಕಾದರೆ ಆ ಬ್ರಿಡ್ಜ್ ಬೇಡ.

ಈಗ ಡಿಸ್ಕ್ ಬದಲಾಯಿಸಿದಾಗೆಲ್ಲ ಲಾಟ್ ನಂಬರ್, ಅಂಶ ಎರಡನ್ನೂ ಜಾಬ್ ಚೀಟಿ ಮೇಲೆ ಬರೆಯುತ್ತೇನೆ, ಉದ್ದದ ಬ್ರಿಡ್ಜ್ ಆದರೆ ಕ್ಯಾಲಿಪರ್ ಅಳತೆಯನ್ನೂ. ಅಂದಹಾಗೆ, ಆ 80 ಮೈಕ್ರಾನನ್ನು ವಾಪಸ್ 50ಕ್ಕೆ ಇಳಿಸಲು ಮರೆತು ಇನ್ನೂ ನಾಲ್ಕು ಕ್ರೌನ್ ಲೂಸಾಗಿ ಬಂದವು.